ಕೆಂಪಿ ಪಟೇಲರ ಮನೆಗೆ ಹೋಗಿ ಬಂದದ್ದು

ನನ್ನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಹೊಸದೊಂದು ಜಡ್ಡು ಎದ್ದಿದೆ. ಹಳೆಯ ಜಡ್ಡುಗಳೆಲ್ಲ ನನಗೆ ಗುರುತಿನವು. ಅಂಗೈ ನಡುವಿನದು ಕುಡುಗೋಲಿನದು. ಬೆರಳ ಸಂದಿಯದು ಹಾಲು ಕರೆದು ಕರೆದು ಬಂದದ್ದು. ಇದೊಂದು ಮಾತ್ರ ಆಟ ಆಡಿ ಬಂದದ್ದು! ಅರವತ್ತು ದಾಟಿದ ಮುದುಕಿಗೆ ಆಟ ಆಡಿ ಬೆರಳು ಜಡ್ಡುಗಟ್ಟಿತು ಅಂದರೆ ನೀವು ನಗುತ್ತೀರಿ. ನಗಿ. ಎದುರು ಮನೆಯ ಸಾವಿತ್ರಮ್ಮ ಆಗಲೇ ನಕ್ಕಾಗಿದೆ. ಆಕೆ ಮೂರು ಹೊತ್ತೂ ಧಾರಾವಾಹಿ ನೋಡಿ, ಅದರಲ್ಲಿರುವ ಸೊಸೆಯರಿಗೆಲ್ಲ ಶಾಪ ಹಾಕುವ ಹೆಂಗಸು. ಅದು ದೊಡ್ಡವರ ಕೆಲಸವಂತೆ, ನನ್ನದು ಮಕ್ಕಳಾಟವಂತೆ.

ಆಟದ ಯಂತ್ರ ನಮ್ಮ ಹಳೇಬೀಡಿನ ಮನೆಗೆ ಬಂದದ್ದು ಅರಸೀಕೆರೆಯಿಂದ, ತೆಂಗಿನಕಾಯಿ ಚೀಲದ ಜೊತೆ. ಮಗಳನ್ನು ಅಲ್ಲಿಗೆ ಕೊಟ್ಟಿದ್ದೇವೆ. ಅಳಿಯ ತನ್ನ ಮಕ್ಕಳಿಗೆ ಹೊಸದು ಕೊಡಿಸಿ, ಹಳೆಯದನ್ನು ನನ್ನ ಮಗನ ಮಗಳು ಮೈತ್ರಿಗೆ ಕಳಿಸಿದ. ಮೈತ್ರಿ ಏಳನೇ ಕ್ಲಾಸು, ಬೇಲೂರಿನ ಶಾಲೆಗೆ ವ್ಯಾನಿನಲ್ಲಿ ಹೋಗಿಬರುತ್ತಾಳೆ. ಮಗ ಮೇಷ್ಟ್ರು. ಮೇಷ್ಟ್ರ ಮನೆಯಲ್ಲಿ ಆಟದ ಯಂತ್ರವೇ ಎಂದು ಅವನು ಒಂದು ದಿನ ಮುಖ ಗಂಟಿಕ್ಕಿಕೊಂಡಿದ್ದ. ಎರಡನೆಯ ದಿನ ಅವನೇ ಅದನ್ನು ಹಿಡಿದು ಕೂತಿದ್ದ. ಮೂರನೆಯ ದಿನ ನನ್ನ ಸರದಿ.

ಆಟ ಏನೆಂದು ಹೇಳುತ್ತೇನೆ ಕೇಳಿ. ಒಂದು ದೊಡ್ಡ ದೇಶ. ಹುಲ್ಲುಗಾವಲು, ಗುಡ್ಡ, ಹೊಳೆ, ಸಮುದ್ರ, ಎಲ್ಲ ಇವೆ. ಬೇಲಿ ಇಲ್ಲ, ಎಲ್ಲಿಗೆ ಬೇಕಾದರೂ ನಡೆಯಬಹುದು. ಅಲ್ಲಿ ತರಾವರಿ ಪ್ರಾಣಿಗಳು ಮೇಯುತ್ತಾ ಓಡಾಡುತ್ತಾ ಇರುತ್ತವೆ. ಒಂದರ ಮೂತಿ ಮೊಸಳೆಯದು, ಬಾಲ ನವಿಲಿನದು. ನಮ್ಮೂರ ಗುಡಿಗೋಡೆಯಿಂದ ಇಳಿದು ಬಂದ ಹಾಗೆ. ನೀವು ಒಂದು ಚೆಂಡು ಎಸೆಯಬೇಕು. ಪ್ರಾಣಿ ಚೆಂಡಿನೊಳಗೆ ಹೋಗಿಬಿಡುತ್ತದೆ, ಅಲ್ಲಿಂದ ಮುಂದೆ ನಿಮ್ಮದು. ಹುಲ್ಲು ಹಾಕಬೇಕಿಲ್ಲ, ಸಗಣಿ ಬಾಚಬೇಕಿಲ್ಲ. ಗಾಯವಾದರೆ ಆಸ್ಪತ್ರೆಗೆ ಹೋದ ತಕ್ಷಣ ವಾಸಿ. ಚೀಟಿ ಇಲ್ಲ, ಸಾಲಿಲ್ಲ, 'ಡಾಕ್ಟ್ರು ಊಟಕ್ಕೆ ಹೋಗವ್ರೆ' ಅನ್ನುವವರಿಲ್ಲ. ಇದನ್ನು ಮಾಡಿದವನು ಯಾವ ದೇಶದವನೋ, ಒಂದು ದಿನವೂ ದನ ಕಟ್ಟಿದವನಲ್ಲ ಎಂದು ನಾನು ಆವತ್ತೇ ತೀರ್ಮಾನಿಸಿದೆ.

ಅಲ್ಲಿನ ಹಿರಿಯರನ್ನಂತೂ ನೋಡಬೇಕು. ಬೀದಿಗೊಬ್ಬರು ಸುಮ್ಮನೆ ನಿಂತಿರುತ್ತಾರೆ. ಹತ್ತಿರ ಹೋಗಿ ಮಾತಾಡಿಸಿದರೆ ಒಂದು ಮಾತು ಹೇಳುತ್ತಾರೆ. ನಾಳೆ ಹೋದರೂ ಅದೇ ಮಾತು, ವರ್ಷ ಬಿಟ್ಟು ಹೋದರೂ ಅದೇ. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹಗರೆ ಬಸ್‌ ನಿಲ್ದಾಣದ ಕಟ್ಟೆಯ ಮೇಲೆ ಅಂಥವರು ಬೇಕಾದಷ್ಟು ಸಿಗುತ್ತಾರೆ.

ಶುರುವಿನಲ್ಲಿ ನಿಮ್ಮ ಹೆಸರು ಹಾಕಬೇಕು. ಯಂತ್ರದಲ್ಲಿ ಎಲ್ಲ ಇಂಗ್ಲಿಷು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅದೂ ಕನ್ನಡದಲ್ಲಿ. ಮೈತ್ರಿಯೇ ಬರೆಯಲು ಕೂತಳು.

"ನಿಂಗಿ ಅಂತ ಹಾಕವ್ವ," ಅಂದೆ.

"ನಿಂಗಿ ಯಾರು? ನೀನು ನಿಂಗಮ್ಮ ಅಲ್ವಾ?"

"ಊರಲ್ಲೆಲ್ಲಾ ನಿಂಗಿ ಅಂತ್ಲೇ ಕರೀತಿದ್ದದ್ದು ಕಣೇ."

"ಆಧಾರ್‌ ಕಾರ್ಡಲ್ಲಿ ಏನಿದೆಯೋ ಅದೇ ಹಾಕೋದು. ಸುಮ್ನಿರಜ್ಜಿ," ಅಂದು ನಿಂಗಮ್ಮ ಎಂದು ಪೂರಾ ಒತ್ತಿದಳು. ಗೊಂಬೆಯೂ ಬಂತು: ತಲೆಗೆ ಟೋಪಿ, ಮೊಣಕಾಲವರೆಗೆ ಚಡ್ಡಿ, ಬೆನ್ನಿಗೆ ಚೀಲ, ಕಾಲಿಗೆ ಬೂಟು. ಅದರ ತಲೆ ಮೇಲೆ ನಿಂಗಮ್ಮ. ನಮ್ಮವ್ವ ಇದ್ದಿದ್ದರೆ ಆ ಚಡ್ಡಿ ನೋಡಿ ಪೊರಕೆ ಹುಡುಕುತ್ತಿದ್ದಳು.

ಮೊದಲ ಊರಿಗೆ ಹೋದೆ. ಮೊದಲ ಮನೆ ಮುಂದೆ ನಿಂತೆ. ನಿಂತೇ ಇದ್ದೆ.

"ಯಾಕಜ್ಜಿ ನಿಂತ್ಬಿಟ್ಟೆ?"

"ಮನೆಯೋರು ಯಾರಾನ ಈಚೆಗೆ ಬರ್ಲಿ ತಡಿ."

"ಯಾರೂ ಬರಲ್ಲ. ಬಾಗಿಲು ತಳ್ಕೊಂಡು ಹೋಗು."

"ಕೇಳ್ದೇನೇ ಹೋಗಾದಾ?"

"ಇಲ್ಲಿ ಯಾರೂ ಏನೂ ಕೇಳಲ್ಲ ಅಜ್ಜಿ!"

ಆಟದಲ್ಲಿ ಮಳೆ ಬಂತು. ಗೊಂಬೆ ನೆನೆಯುತ್ತಿತ್ತು. ನಾನು ಬಾಗಿಲಾಚೆಯೇ ನಿಲ್ಲಿಸಿದ್ದೆ. ಏಳನೇ ಕ್ಲಾಸಿನ ಹುಡುಗಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗದಿರುವುದೇ ನನಗೆ ಸಂತೋಷ. ನಾನು ಹುಟ್ಟಿದ್ದು ಊರಾಚೆಯ ಕೇರಿಯಲ್ಲಿ. ಊರೊಳಗಿನ ಮನೆಗಳ ಮುಂದೆ ನಿಂತು ಕೂಗಬೇಕು, ಅವರಾಗಿ ಬರುವ ತನಕ ಕಾಯಬೇಕು. ಕಾದು ಕಾದು ಅದು ಮೈಗೇ ಅಂಟಿಕೊಂಡುಬಿಟ್ಟಿದೆ. ಗೊಂಬೆಗೆ ಆ ರೋಗ ಇಲ್ಲವೆಂದು ಬೆರಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಗೆ ಗುಂಡಿ ಒತ್ತಿದೆ. ಬಾಗಿಲು ತೆರೆಯಿತು. ಒಳಗೆ ಒಬ್ಬ ಗಂಡಸು ಮೇಜಿನ ಮುಂದೆ ಕೂತಿದ್ದ, ಒಬ್ಬಳು ಒಲೆಯ ಹತ್ತಿರ ನಿಂತಿದ್ದಳು. ನನ್ನ ಗೊಂಬೆ ಕೆಸರು ಬೂಟಿನಲ್ಲೇ ಸೀದಾ ಅಡುಗೆ ಮನೆಗೆ ನುಗ್ಗಿತು. ಈಗ ಬೈಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಮೈತ್ರಿ ಓದಿ ಹೇಳಿದಳು: "ದಾರೀಲಿ ಹಸಿವಾಗುತ್ತೆ, ಈ ಹಣ್ಣು ಇಟ್ಕೋ ಅಂತಿದಾರೆ."

ಆಹಾ! ಆಮೇಲೆ ನಾನು ಪ್ರಾಣಿ ಹಿಡಿಯುವುದನ್ನೇ ಬಿಟ್ಟೆ. ಸಿಕ್ಕಿದ ಮನೆಗೆಲ್ಲ ನುಗ್ಗಿದೆ. ಮಹಡಿ ಹತ್ತಿದೆ, ಮಲಗುವ ಮನೆ ನೋಡಿದೆ, ಕಪಾಟು ತಡಕಾಡಿದೆ. ಮೈತ್ರಿ ತಲೆ ಚಚ್ಚಿಕೊಂಡಳು. "ಅಜ್ಜೀ, ಇದು ಪ್ರಾಣಿ ಹಿಡಿಯೋ ಆಟ. ಮನೆ ನೋಡೋ ಆಟ ಅಲ್ಲ!" ನಿನಗೆ ಪ್ರಾಣಿ ಹಿಡಿಯುವ ಆಟ, ನನಗೆ ಇದೇ ಆಟ ಕಣವ್ವ ಎಂದು ನಾನು ಇನ್ನೊಂದು ಬಾಗಿಲು ತಳ್ಳಿದೆ.

ಊರಿನ ಮನೆಗಳೆಲ್ಲ ಮುಗಿದ ಮೇಲೆ ಬಯಲಿಗೆ ಹೋದೆ. ಅಲ್ಲಿ ಸಿಕ್ಕಿತು ನನ್ನ ಕೆಂಪಿ. ಮೈಬಣ್ಣ ಇಟ್ಟಿಗೆಯದು, ಹಣೆಯ ಮೇಲೆ ಮೊಳಕೆಯಂಥ ಎರಡು ಕೊಂಬು, ಪೊರಕೆಯಂಥ ಬಾಲ. ನನ್ನನ್ನು ನೋಡಿ ಓಡಲಿಲ್ಲ, ಕಿವಿ ಅಲ್ಲಾಡಿಸಿತು. ಚೆಂಡು ಎಸೆದೆ, ಬಂತು. ಹೆಸರು ಏನಿಡೋಣ ಎಂದು ಮೈತ್ರಿ ಕೇಳುವುದರೊಳಗೆ ನನ್ನ ಬಾಯಿಂದ ಬಂದುಬಿಟ್ಟಿತ್ತು.

ಆ ಹೆಸರಿನ ಕಥೆ ಹೇಳದಿದ್ದರೆ ಮುಂದಿನದು ರುಚಿಸುವುದಿಲ್ಲ. ಹಗರೆ ಕಡೆಯ ನನ್ನ ತವರೂರಲ್ಲಿ ಆಗ ಪಾಲಿಗೆ ದನ ಸಾಕುವ ಪದ್ಧತಿ ಇತ್ತು. ಹಸು ಪಟೇಲರದು, ಹುಲ್ಲು, ನೀರು, ಮೇಯಿಸುವುದು, ಬಾಚುವುದು ನಮ್ಮದು. ಮೊದಲ ಕರು ಅವರಿಗೆ, ಎರಡನೆಯದು ನಮಗೆ. ಹಾಗಂತ ಮಾತು. ಬಡಕಲು ಹಸುವೊಂದನ್ನು ನಮ್ಮಪ್ಪನಿಗೆ ಕೊಟ್ಟರು. ಮೊದಲನೆಯದು ಗಂಡುಕರು ಹುಟ್ಟಿತು. ಪಟೇಲರು ಬಹಳ ಉದಾರಿಗಳು. "ಇದು ನಿಂಗೇ ಇರ್ಲಿ ಕಣ್ಲಾ," ಅಂದರು. ನಮ್ಮಪ್ಪ ಕೈಮುಗಿದ. ಎರಡನೆಯದು ಹೆಣ್ಣು ಹುಟ್ಟಿತು, ಕೆಂಪಗೆ, ಮುದ್ದಾಗಿ. "ಒಂದು ನಿಂಗೆ ಕೊಟ್ಟಾಯ್ತಲ್ಲ, ಇದು ನಮ್ಮದು," ಅಂದರು. ನಮ್ಮಪ್ಪ ಮತ್ತೆ ಕೈಮುಗಿದ. ಎಂಥ ಸರಳ ಲೆಕ್ಕ ನೋಡಿ. ಹುಟ್ಟಿದ ಮೇಲೆ ಪಾಲು ಮಾಡಿದರೆ ತಪ್ಪುವ ಮಾತೇ ಇಲ್ಲ.

ಆ ಕರುವಿಗೆ ಕೆಂಪಿ ಎಂದು ಹೆಸರಿಟ್ಟವಳು ನಾನು. ಕೆರೆ ಏರಿಯ ಮೇಲೆ ಮೇಯಿಸಿದವಳೂ ನಾನೇ. ಹಾಲು ಬಿಡುವ ತನಕ ನಮ್ಮಲ್ಲಿತ್ತು. ಒಂದು ಬೆಳಿಗ್ಗೆ ಆಳು ಹಗ್ಗ ಹಿಡಿದು ಬಂದ. ನಾನು ಅಳುತ್ತ ಪಟೇಲರ ಮನೆಯ ತನಕ ಹಿಂದೆಯೇ ಹೋದೆ. ಜಗಲಿಯ ಮೇಲಿಂದ ಪಟೇಲರು ನಕ್ಕು ಅಂದರು: "ಎಲ್ಲಿಗೂ ಹೋಗಾಕಿಲ್ಲ ಕಣೇ, ನಮ್ಮನೇಲೇ ಇರ್ತದೆ. ಬಂದು ನೋಡ್ಕೊಂಡು ಹೋಗು." ನೋಡುವುದು ಅಂದರೆ ಕೊಟ್ಟಿಗೆಯ ಹೊರಗೋಡೆಯ ಕಿಂಡಿಯಿಂದ. ನಾನು ಕೆಂಪಿ ಅಂದರೆ ಅದು ಕಿವಿ ಅಲ್ಲಾಡಿಸುತ್ತಿತ್ತು. ಪಟೇಲರ ಮಗ, ನನ್ನ ವಯಸ್ಸಿನವನು, ಒಳಗಿಂದ ಕೂಗುತ್ತಿದ್ದ: "ಅದು ಕೆಂಪಿ ಅಲ್ಲ ಕಣೇ ನಿಂಗಿ, ಗೌರಿ!" ಕೊಟ್ಟಿಗೆ ಬದಲಾದ ದಿನವೇ ಹೆಸರೂ ಬದಲಾಗಿತ್ತು.

ಇರಲಿ. ಆಟದ ಕೆಂಪಿಯನ್ನು ನಾನು ಸಾಕಿದೆ. ಗುಡ್ಡ ಹತ್ತಿಸಿದೆ, ಕಾಳಗ ಗೆಲ್ಲಿಸಿದೆ. ಆದರೆ ಅದು ಬೆಳೆಯಲೇ ಇಲ್ಲ. ಮೈತ್ರಿ ಗುಟ್ಟು ಹೇಳಿದಳು. ಕೆಲವು ಪ್ರಾಣಿಗಳು ಒಬ್ಬರ ಯಂತ್ರದಿಂದ ಇನ್ನೊಬ್ಬರ ಯಂತ್ರಕ್ಕೆ ಹೋದಾಗ ಮಾತ್ರ ದೊಡ್ಡದಾಗುತ್ತವಂತೆ. "ನನ್ನ ಫ್ರೆಂಡ್‌ ಸಾನ್ವಿ ಹತ್ರ ಇದೇ ಆಟ ಇದೆ ಅಜ್ಜಿ. ಭಾನುವಾರ ಅವಳ ಬರ್ತ್‌ಡೇ. ಕೆಂಪೀನ ಅವಳಿಗೆ ಕಳಿಸೋದು, ಬದಲಿಗೆ ಅವಳದೊಂದು ನಮಗೆ ಬರುತ್ತೆ, ಕೆಂಪಿ ದೊಡ್ಡದಾಗುತ್ತೆ, ವಾಪಸ್‌ ಇಸ್ಕೊಳ್ಳೋದು. ಅಷ್ಟೇ."

"ಯಾವೂರೇ ಅವಳದು?"

ಊರ ಹೆಸರು ಹೇಳಿದಳು. ನನ್ನ ತವರೂರು. ಯಾವ ಮನೆ ಎಂದೆ. ಪಟೇಲರ ಮನೆ! ಗೌರಿ ಗೌರಿ ಎಂದು ಕೂಗುತ್ತಿದ್ದ ಅದೇ ಹುಡುಗನ ಮೊಮ್ಮಗಳು.

"ಬ್ಯಾಡ," ಅಂದೆ.

"ಯಾಕೆ?"

"ಆ ಮನೆಗೆ ಹೋದ ಕೆಂಪಿ ವಾಪಸ್‌ ಬರಾಕಿಲ್ಲ ಕಣೇ."

"ಅಜ್ಜಿ, ಇದು ಗೇಮ್‌."

ಹೌದಲ್ಲ, ಗೇಮು. ಗೊಂಬೆಗೆ ಹೆದರುತ್ತೀಯಲ್ಲ ಎಂದು ಮಗನೂ ನಕ್ಕ. ನನಗೂ ಕೆಂಪಿ ಬೆಳೆದು ನಿಂತದ್ದನ್ನು ಕಣ್ಣಾರೆ ನೋಡುವ ಆಸೆ. ಆ ಕೆಂಪಿಯನ್ನು ಹಸುವಾಗಿ ಸರಿಯಾಗಿ ನೋಡಿದ್ದೇ ಇಲ್ಲ. ಕಿಂಡಿಯಿಂದ ಅರ್ಧ ಮುಖ ಕಾಣುತ್ತಿತ್ತು, ಅಷ್ಟೇ. ಹೂಂ ಅಂದೆ.

ಭಾನುವಾರ ಸಂಜೆ ಮೈತ್ರಿ ಕುಣಿಯುತ್ತ ಬಂದಳು. ಕೇಕು, ಬಲೂನು, ಜ್ಯೂಸು ಎಂದೆಲ್ಲ ಹೇಳಿದಳು. "ನಂಗೆ ಪೇಪರ್‌ ಕಪ್ಪಲ್ಲಿ ಜ್ಯೂಸ್‌ ಕೊಟ್ರಜ್ಜಿ, ಹೂವಿನ ಚಿತ್ರ ಇರೋದು!" ಎಂದಳು. ಉಳಿದವರಿಗೆ ಯಾವುದರಲ್ಲಿ ಕೊಟ್ಟರು ಎಂದು ಕೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಯಂತ್ರ ತೆರೆದು ನೋಡಿದರೆ ಕೆಂಪಿ ಇದ್ದ ಜಾಗದಲ್ಲಿ ಹಸಿರು ಹುಳವೊಂದು ಕೂತಿತ್ತು.

"ಕೆಂಪಿ ಎಲ್ಲೇ?"

"ಎಷ್ಟು ಸೂಪರ್‌ ಆಗಿ ಬೆಳೀತು ಗೊತ್ತಾ! ಸಾನ್ವಿಗೆ ತುಂಬಾ ಇಷ್ಟ ಆಯ್ತು. ನಾಳೆ ಕೊಡ್ತೀನಿ ಅಂದ್ಲು."

ನಾಳೆ ಎನ್ನುವುದು ಆ ಮನೆಯವರಿಗೆ ಹುಟ್ಟಿನಿಂದ ಬಂದ ಮಾತು. ಸೋಮವಾರ ಶಾಲೆಯಿಂದ ಬಂದವಳ ಮುಖ ಚಿಕ್ಕದಾಗಿತ್ತು. "ಅಜ್ಜಿ, ಅವಳು ಇನ್ನೂ ಸ್ವಲ್ಪ ದಿನ ಇಟ್ಕೋತಾಳಂತೆ. ಅವರ ತಾತಂಗೆ ತೋರಿಸಿದ್ಲಂತೆ. ಎಲ್ಲಿಗೂ ಹೋಗಲ್ಲ, ನಮ್ಮನೇಲೇ ಇರ್ಲಿ ಬಿಡು ಅಂದ್ರಂತೆ."

ನನಗೆ ನಗು ಬಂತು. ನಗು ಬಂದ ಹಿಂದೆಯೇ ಸಿಟ್ಟೂ ಬಂತು. ಅಪ್ಪನ ಮಾತು ಮಗನ ಬಾಯಲ್ಲಿ ಒಂದಕ್ಷರ ಸವೆಯದೆ ಉಳಿದಿದೆ! ಆಟದ ಬೀದಿಯ ಮುದುಕರೂ ಇಷ್ಟು ನಿಯತ್ತಾಗಿ ಒಂದೇ ಮಾತು ಹೇಳುವುದಿಲ್ಲ. ಆ ವಾರವೆಲ್ಲ ನಾನು ಸರಿಯಾಗಿ ಉಣ್ಣಲಿಲ್ಲ. ಹಸಿರು ಹುಳವನ್ನು ಕರೆದುಕೊಂಡು ಗುಡ್ಡ ಸುತ್ತಿದೆ. ಪಾಪ, ಅದರ ತಪ್ಪೇನು? "ಅವ್ವಾ, ಒಂದು ಚಿತ್ರಕ್ಕೋಸ್ಕರ ಅವರ ಮನೆಗೆ ಹೋಗ್ತೀಯಾ? ಏನಂದುಕೊಂಡಾರು?" ಅಂದ ಮೇಷ್ಟ್ರು. "ನಮ್ಮಪ್ಪನೂ ಏನಂದುಕೊಂಡಾರು ಅಂತ್ಲೇ ಸುಮ್ಕಿದ್ದ ಕಣಪ್ಪ," ಅಂದೆ. ಹೋಗುವ ದಿನ ಮಗನೇ ನಮ್ಮನ್ನು ಬಸ್ಸಿಗೆ ಬಿಟ್ಟು ಬಂದ.

ಮುಂದಿನ ಭಾನುವಾರ ನಾನೂ ಮೈತ್ರಿಯೂ ಹೋದೆವು. ಒಳ್ಳೆಯ ಸೀರೆ ಉಟ್ಟಿದ್ದೆ. ಚೀಲದಲ್ಲಿ ಯಂತ್ರ, ಯಂತ್ರದಲ್ಲಿ ಹುಳ. ಗೌರಿ ಎಂದು ಕೂಗುತ್ತಿದ್ದ ಆ ಹುಡುಗ, ಈಗಿನ ಚಿಕ್ಕಪಟೇಲರು, ಜಗಲಿಯ ಮೇಲೆ ಪ್ಲಾಸ್ಟಿಕ್‌ ಕುರ್ಚಿಯಲ್ಲಿ ಕೂತಿದ್ದರು. ಅವರಿಗೂ ಹಲ್ಲುಗಳು ಹೋಗಿವೆ, ಆದರೆ ನಾಲಿಗೆ ಹಾಗೇ ಇದೆ.

"ಯಾರು? ಓಹೋ, ನಿಂಗಿ! ಏನೇ ಬಿಸಿಲಲ್ಲಿ ಈ ಕಡೆ? ಕೂತ್ಕೊ, ಅಲ್ಲಿ ಮೆಟ್ಟಿಲ ಮ್ಯಾಲೆ ನೆರಳೈತೆ."

"ಕೂರಾಕೆ ಬರ್ಲಿಲ್ಲ ಬುಡಿ. ನನ್ನ ಕೆಂಪಿ ಒಳಗೈತೆ. ಕರ್ಕೊಂಡು ಹೋಗಾಕ್‌ ಬಂದೆ."

"ಕೆಂಪಿ? ಓ, ಆ ಮಕ್ಕಳಾಟದ್ದಾ!" ಎಂದು ಹೊಟ್ಟೆ ಕುಲುಕಿಸಿ ನಕ್ಕರು. "ವಯಸ್ಸಾಯ್ತಾ ಬುದ್ಧಿ ಎಲ್ಲೋಯ್ತೇ ನಿಂದು? ಇರು, ಹುಡ್ಗಿ ಆಟ ಆಡ್ತವಳೆ. ಬತ್ತಾಳೆ."

ಇರು. ಬತ್ತಾಳೆ. ನಾನು ಮೆಟ್ಟಿಲ ಕೆಳಗೆ ನಿಂತೆ. ನಿಂತೇ ಇದ್ದೆ. ಕಾಲುಗಳು ತಾವಾಗಿಯೇ ಅಲ್ಲಿ ನಿಂತುಬಿಟ್ಟಿದ್ದವು. ಆ ಜಾಗ ಅವಕ್ಕೆ ಚೆನ್ನಾಗಿ ಗೊತ್ತು. ಮೈತ್ರಿ ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು. ಆಟದಲ್ಲಿ ಗೊಂಬೆ ಮಳೆಯಲ್ಲಿ ನೆನೆಯುತ್ತಿದ್ದಾಗಲೂ ಹೀಗೆಯೇ ನೋಡಿದ್ದಳು. ಅಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ನನ್ನ ಹೆಬ್ಬೆರಳು, ಜಡ್ಡುಗಟ್ಟಿದ ಇದೇ ಬೆರಳು, ಗಾಳಿಯಲ್ಲಿ ಗುಂಡಿ ಒತ್ತಿತು.

ಚಪ್ಪಲಿ ಬಿಟ್ಟೆ. ನಾನು ಆಟದ ಗೊಂಬೆಯಷ್ಟು ಮಾನಗೆಟ್ಟವಳಲ್ಲ. ಮೆಟ್ಟಿಲು ಹತ್ತಿದೆ, ಜಗಲಿ ದಾಟಿದೆ, ಬಾಗಿಲು ತಳ್ಳಿದೆ. "ಏಯ್‌, ಏಯ್‌ ನಿಂಗಿ!" ಎಂದು ಹಿಂದಿನಿಂದ ಕುರ್ಚಿ ಕಿರುಗುಟ್ಟಿತು.

ಒಳಗೆ ಏನಿತ್ತು ಹೇಳಲೇ? ಏನೂ ಇರಲಿಲ್ಲ. ಇಷ್ಟು ವರ್ಷ ಅರಮನೆ ಎಂದುಕೊಂಡಿದ್ದೆ. ಒಂದು ಸಾಧಾರಣ ಪಡಸಾಲೆ, ಬಣ್ಣ ಎದ್ದ ಗೋಡೆ, ಮೂಲೆಯಲ್ಲಿ ಮಹಡಿಯ ಮೆಟ್ಟಿಲು, ಒಂದು ದೊಡ್ಡ ಫ್ರಿಡ್ಜು, ಅದರ ಮೇಲೆ ಧೂಳು ಕೂತ ಪ್ಲಾಸ್ಟಿಕ್‌ ಹೂವು. ಆಟದಲ್ಲಿ ಇದಕ್ಕಿಂತ ಒಳ್ಳೆಯ ಮನೆ ಎಷ್ಟೋ ನೋಡಿದ್ದೇನೆ. ಅಲ್ಲಿ ಹಣ್ಣು ಬೇರೆ ಕೊಟ್ಟಿದ್ದರು.

ಸೋಫಾದ ಮೇಲೆ ಸಾನ್ವಿ, ಎರಡು ಜಡೆಯ ಹುಡುಗಿ, ಯಂತ್ರ ಹಿಡಿದು ಕೂತಿತ್ತು. ನನ್ನನ್ನು ನೋಡಿ ಎದ್ದು ನಿಂತಿತು. "ಮೈತ್ರಿ ಅಜ್ಜಿ! ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ. ನಿಮ್ಮ ಕೆಂಪಿ ಜೊತೆ ನಂಗೆ ಸಾಕಾಗಿ ಹೋಯ್ತು!"

"ಯಾಕವ್ವ?"

"ನನ್ನ ಮಾತು ಕೇಳೋದೇ ಇಲ್ಲ. ಫೈಟ್‌ ಮಾಡು ಅಂದ್ರೆ ಮಲ್ಕೊಳ್ಳುತ್ತೆ. ಬಾ ಅಂದ್ರೆ ಆ ಕಡೆ ಮುಖ ತಿರುಗಿಸುತ್ತೆ. ಪ್ರಿನ್ಸೆಸ್‌ ಅಂತ ಹೆಸರಿಡೋಣ ಅಂತ ಎಷ್ಟು ಟ್ರೈ ಮಾಡ್ದೆ, ಆಗಲೇ ಇಲ್ಲ."

"ಯಾಕಾಗಲ್ಲ?" ಎಂದು ಬಾಗಿಲಲ್ಲಿ ಕೋಲೂರಿಕೊಂಡು ಬಂದು ನಿಂತ ಚಿಕ್ಕಪಟೇಲರು ಕೇಳಿದರು. "ನಿನ್ನ ಹತ್ರ ಇದ್ಮೇಲೆ ನಿಂದು. ಬೇಕಾದ್ದು ಇಡು."

"ಆಗಲ್ಲ ತಾತ. ಯಾರು ಮೊದಲು ಹಿಡಿದು ಸಾಕಿದ್ರೋ ಅವರು ಇಟ್ಟ ಹೆಸರೇ ಕೊನೇ ತನಕ. ಯಾರ ಹತ್ರ ಹೋದ್ರೂ ಅಷ್ಟೇ. ಇಲ್ಲಿ ನೋಡಿ, ಸಾಕಿದವರ ಹೆಸರು ಕೂಡ ಬರೆದಿದೆ. ನಿಂಗಮ್ಮ."

"ಯಾವ ನಿಂಗಮ್ಮ?"

"ಇವರೇ ಅಲ್ವಾ ತಾತ!"

ಓದುಗರೇ, ನನ್ನ ಮದುವೆಯಲ್ಲಿ ನಾನು ಇಷ್ಟು ಹಿಗ್ಗಿರಲಿಲ್ಲ. ಮೈತ್ರಿ ಹುಟ್ಟಿದಾಗ ಹಿಗ್ಗಿದ್ದೆ, ಅದಾದ ಮೇಲೆ ಇದೇ. ಆಟ ಮಾಡಿದವನನ್ನು ದನ ಕಟ್ಟದವನು ಎಂದು ಬೈದಿದ್ದೆನಲ್ಲ, ವಾಪಸ್‌ ತೆಗೆದುಕೊಂಡೆ. ಅವನೂ ಎಲ್ಲೋ ಯಾರದೋ ಹಸುವನ್ನು ಪಾಲಿಗೆ ಸಾಕಿದವನ ಮಗನೇ ಇರಬೇಕು.

ಹುಡುಗಿಯರಿಬ್ಬರೂ ಯಂತ್ರಗಳನ್ನು ಎದುರುಬದುರು ಹಿಡಿದರು. ಹುಳ ಅತ್ತ ಹೋಯಿತು. ಕೆಂಪಿ ಇತ್ತ ಬಂತು. ಏನು ಬೆಳವಣಿಗೆ ಅಂತೀರಿ! ಕೊಂಬು ಹಿಂದಕ್ಕೆ ಬಾಗಿ, ಎದೆ ಅಗಲವಾಗಿ, ಕುತ್ತಿಗೆಯ ಸುತ್ತ ಕೆಂಡದ ಹಾರ ಹಾಕಿದ ಹಾಗೆ. ಕಿಂಡಿ ಇಲ್ಲದೆ, ಪೂರ್ತಿ ಮುಖ ನೋಡಿದೆ. ಗುಂಡಿ ಒತ್ತಿದೆ, ಕಿವಿ ಅಲ್ಲಾಡಿಸಿತು.

"ನಿಮ್ಮ ಕೊಟ್ಟಿಗೇಲಿ ಗೌರಿ ಅಂತ ಒಂದು ಕೆಂಪು ಹಸ ಇತ್ತಲ್ಲ, ಗ್ಯಾನ ಐತಾ?" ಎಂದು ಚಿಕ್ಕಪಟೇಲರನ್ನು ಕೇಳಿದೆ.

"ಎಷ್ಟೋ ಗೌರಿಗಳಿದ್ವು. ಯಾವುದು ಅಂತ ಗ್ಯಾನ ಇಟ್ಕೊಳ್ಳಾನ?" ಅಂದರು. ಸುಳ್ಳು ಹೇಳಲಿಲ್ಲ, ನಿಜವಾಗಿಯೂ ನೆನಪಿರಲಿಲ್ಲ. ನನ್ನ ಎದೆಯಲ್ಲಿ ಇಷ್ಟು ವರ್ಷ ಮೇದ ಹಸು ಅವರ ತಲೆಯಲ್ಲಿ ಒಂದು ದಿನವೂ ನಿಂತಿರಲಿಲ್ಲ. ಅದಕ್ಕೂ ನಗು ಬಂತು. ಇವರ ಮೇಲೆ ಸಿಟ್ಟು ಹೊತ್ತುಕೊಂಡು ತಿರುಗಿದ್ದು ಕಲ್ಲು ಹೊತ್ತುಕೊಂಡು ತಿರುಗಿದ ಹಾಗೆ ಆಯಿತಲ್ಲ ಎಂದುಕೊಂಡೆ.

"ಸರಿ, ನಿಂಗಿ, ಬಂದಿದ್ದೀಯ, ಕಾಫಿ ಕುಡ್ಕೊಂಡು ಹೋಗು."

"ನಿಂಗಮ್ಮ ತಾತ," ಅಂತು ಸಾನ್ವಿ, ಹುಳದ ಮೇಲಿಂದ ಕಣ್ಣು ತೆಗೆಯದೆ.

ಆ ಮನೆಯ ಸೊಸೆ ಕಾಫಿ ತಂದಳು. ಅವರಿಗೆ ಸ್ಟೀಲ್‌ ಲೋಟ, ನನಗೆ ಹೂವಿನ ಚಿತ್ರದ ಕಾಗದದ ಲೋಟ. ಚೆನ್ನಾಗಿತ್ತು ಕಾಫಿ, ಸುಳ್ಳೇಕೆ ಹೇಳಲಿ. ಸೋಫಾದಲ್ಲಿ ಒರಗಿಕೊಂಡು, ಕೆಂಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಿಧಾನವಾಗಿ ಕುಡಿದೆ. ಕುಡಿದಾದ ಮೇಲೆ ಸೊಸೆ ಕಸದ ಬುಟ್ಟಿ ಬಾಗಿಲಾಚೆ ಇದೆ ಎಂದು ಕಣ್ಣಲ್ಲೇ ತೋರಿಸಿದಳು.

ನಾನು ಎದ್ದೆ. ಚಿಕ್ಕಪಟೇಲರ ಪಕ್ಕದ ಮೇಜಿನ ಮೇಲೆ ಅವರ ಸ್ಟೀಲ್‌ ಲೋಟ ಇನ್ನೂ ಅರ್ಧ ತುಂಬಿತ್ತು. ನನ್ನ ಲೋಟವನ್ನು ಅದಕ್ಕೆ ತಾಗಿಸಿ ಇಟ್ಟೆ. ಚೀಲ ಹೆಗಲಿಗೆ ಹಾಕಿಕೊಂಡು, "ಬತ್ತೀನಿ," ಅಂದೆ. "ಇನ್ನೂ ಮಹಡಿ ನೋಡಿಲ್ಲ."